ತೂಕದ ದಿನ

ಅಡತಿ ಅಂಗಡಿಯಿಂದ ಮೂರು ತಕ್ಕಡಿ ತಂದೆವು,
ತೊಗರಿ ತೂಗುವವು, ಸಂದಿಯಲ್ಲಿ ಇನ್ನೂ ಹೊಟ್ಟು.
ಗಾಲಿಗೊಂದು ಇಟ್ಟೆವು.
ನೌಬಾದಿನ ತಗಡಿನ ಶೆಡ್ಡಿನಲ್ಲಿ, ಆ ಸೆಕೆಯಲ್ಲಿ,
ಫ್ಯಾನು ನಿಲ್ಲಿಸಿದ ಘಾಳೆಪ್ಪ.
ರೆಕ್ಕೆಗೆ ಗಾಳಿ ತಾಗಿದರೆ ಮುಳ್ಳು ಸುಳ್ಳು ಹೇಳುತ್ತದಂತೆ.

ಈ ರೆಕ್ಕೆಗೆ ಬಟ್ಟೆ ಹೊಲಿದವಳು ನಾನು, ಜುಲೇಖಾ.
ಶಾಲೆಯ ಅಂಗಿ, ಬುರ್ಖಾ, ಲಾರಿಯ ತಾಡಪಾಲು ಹೊಲಿದ ಕೈ.
ಪಂಕದ ಗಾಳಿ ಬಡಿಯುವಲ್ಲಿ ಎರಡು ಬೆರಳಿಗೊಂದು ಗಂಟು,
ತುದಿಯ ಕಡೆ ನಾಲ್ಕಕ್ಕೊಂದು.
"ಎಲ್ಲಾ ಕಡಿ ಒತ್ತಿ ಹೊಲೀತೀನಿ, ಗಟ್ಟಿ ಆಗ್ತದ" ಅಂದಿದ್ದೆ.
"ದಾರಕ್ಕೂ ತೂಕ ಅದಾ, ತಂಗಿ" ಅಂದ.
ಇಸ್ತ್ರಿ ಕಾಯಿಸಿ ಎಳೆದಾಗ ಸಡಿಲ ಬಟ್ಟೆ
ಡಪ್ಪಿನಂತೆ ಬಿಗಿಯಿತು. ಅವತ್ತು ಮಾತ್ರ ನಕ್ಕಿದ್ದ.

ಮೂವತ್ತು ವರ್ಷ ಸರಕಾರದ ವಿಮಾನಕ್ಕೆ ತಿರುಪು ಬಿಗಿದವನು
ತನ್ನದಕ್ಕೆ ಒಂದೊಂದೇ ತಿರುಪು ಎಣಿಸುತ್ತಾನೆ.
ಮೊದಲು ಗೋಡೆಯ ಮೇಲೆ ಇದ್ದಿಲಿನಲ್ಲಿ
ಇಪ್ಪತ್ನಾಲ್ಕು ಅಡಿಯ ರೆಕ್ಕೆ:
ಗಿಡ್ಡ, ಚುರುಕು, ಭಾಲ್ಕಿಗೆ ಕಾಲು ತಾಸು.
ಆದರೆ ಇಳಿಯುವಾಗಲೂ ಅದೇ ಚುರುಕು,
ಹೊಲವೋ ಇನ್ನೂರು ಮಾರು ಕೆಂಪು ಗರಸು,
ಕೊನೆಗೆ ಹುಣಸೆಮರ.
ಅಳಿಸಿ ಇಪ್ಪತ್ತೆಂಟು ಬರೆದ.
ಉದ್ದ ರೆಕ್ಕೆ ಮೆಲ್ಲಗೆ ಇಳಿಸುತ್ತದೆ, ನಿಜ,
ಉದ್ದ ಕೈಗೆ ದಪ್ಪ ಎಲುಬು ಬೇಕು, ಎಲುಬಿಗೆ ಭಾರ,
ಭಾರಕ್ಕೆ ದೊಡ್ಡ ಎಂಜಿನ್ನು, ಎಂಜಿನ್ನಿಗೆ ಪೆಟ್ರೋಲು,
ಪೆಟ್ರೋಲಿಗೆ ಟಾಕಿ, ಟಾಕಿ ಹೊರಲು ಮತ್ತೆ ರೆಕ್ಕೆ.
ಒಂದು ರಾತ್ರಿಯಿಡೀ ಈ ಸುತ್ತು ಸುತ್ತಿ
ಇದ್ದಿಲು ಬಿಸಾಕಿ ಇಪ್ಪತ್ತಾರಕ್ಕೆ ನಿಂತ.
"ಯಾರಿಗೂ ಖುಷಿ ಇಲ್ಲ ಅಂದ್ರ ಅಳತಿ ಸರಿ ಅದಾ."

ಬೀದರ ಮೊದಲೇ ಎರಡು ಸಾವಿರದ ಇನ್ನೂರು ಅಡಿ ಎತ್ತರ.
ಮೇ ತಿಂಗಳ ಮಧ್ಯಾಹ್ನ
ರೆಕ್ಕೆಗೆ ತಾನು ಆರು ಸಾವಿರದಲ್ಲಿದ್ದೇನೆ ಅನಿಸುತ್ತದೆ,
ನೀರು ಬೆರೆಸಿ ಬೆರೆಸಿ ತೆಳ್ಳಗಾದ ಮಜ್ಜಿಗೆ ಆ ಗಾಳಿ,
ಅದನ್ನೇ ಕುಡಿದು ಎಂಜಿನ್ನೂ ಸೊರಗುತ್ತದೆ.

ಬಣ್ಣಕ್ಕೆ ನಾನು ಜಗಳಾಡಿದೆ.
ಅಪ್ಪ ಬಿದರಿ ಕೆಲಸದವರು,
ಕಪ್ಪಿನ ಮೇಲೆ ಬೆಳ್ಳಿ ಎಳೆ ನೋಡುತ್ತ ಬೆಳೆದವಳು.
ಕಪ್ಪು ಬಳಿದರೆ ಈ ಬಿಸಿಲಿಗೆ ಬಟ್ಟೆ ಸಾಯುತ್ತದೆ ಅಂದ.
ಹಸಿರು?
ಎರಡು ಕಿಲೋ.
ಕಡೆಗೆ ಬೆಳ್ಳಿಪುಡಿಯ ಲೇಪವೊಂದೇ ಉಳಿಯಿತು,
ಕಪ್ಪೇ ಇಲ್ಲದ ಬಿದರಿ.

ಮುಳ್ಳುಗಳು ನಿಂತವು. ಕೂಡಿಸಿದೆವು.
ಲೆಕ್ಕಕ್ಕಿಂತ ಹನ್ನೊಂದು ಕಿಲೋ ಹೆಚ್ಚು.
ಎರಡನೆಯ ಸೀಟು ಯಾವಾಗಲೋ ಹೋಗಿತ್ತು.
ಗಾಲಿಯ ಟೋಪಿ ಬಿಚ್ಚಿದ, ಸೀಟಿನ ಸ್ಪಂಜು ಕಿತ್ತ,
ಬಾಗಿಲಿನ ಹಿತ್ತಾಳೆ ಚಿಲಕವನ್ನೂ ಬಿಡಲಿಲ್ಲ. ಎಲ್ಲ ಸೇರಿ ಮೂರು.
ಆಮೇಲೆ ತಾನೇ ಹತ್ತಿ ಕೂತ: ಎಂಬತ್ತಾರು.
ಬಾಲದ ಗಾಲಿಯ ಮುಳ್ಳು ಕೆಂಪು ಗೆರೆ ದಾಟಿತು.
ಹಾಗೆ ಹಾರಿದರೆ ಮೇಲೆದ್ದ ಮೂಗು ಕೆಳಗೆ ಬರಲೊಲ್ಲದು.
ಇಳಿದ. ಟವಲಿನಿಂದ ಕತ್ತು ಒರೆಸಿದ.
"ನೀ ಕುಂದ್ರು ಸ್ವಲ್ಪ, ನೋಡಮು."
ನಲವತ್ತೊಂಬತ್ತು, ಕೊರಳಿನ ಅಳತೆ ಟೇಪು ಸೇರಿ.
ಮುಳ್ಳು ಗೆರೆಯ ಈಚೆ ಬಂದು
ಒಮ್ಮೆ ತೂಗಿ, ನಿಂತಿತು.

ಇಬ್ಬರೂ ಏನೂ ಅನ್ನಲಿಲ್ಲ.
ಹಾರುವುದು ಕಲಿತವಳಲ್ಲ ನಾನು.
ದಿಲ್ಲಿಗೆ ಹೋದ ಅರ್ಜಿಯಲ್ಲಿರುವುದು ಅವನ ಹೆಸರು.
ಚಿದ್ರಿಯ ಕಡೆಯಿಂದ ತರಬೇತಿ ಜೆಟ್ಟೊಂದು
ತಗಡು ನಡುಗಿಸಿ ಹೋಯಿತು,
ಅದಕ್ಕೇನು, ಹೊಟ್ಟೆ ತುಂಬ ಬೆಂಕಿ.

ಘಾಳೆಪ್ಪ ಹನ್ನೆರಡರ ಪಾನಾ ಹುಡುಕಿದ,
ಅಂಗಾತ ಮಲಗಿ ನನ್ನ ಕಾಲ ಬಳಿ ತಲೆ ತೂರಿಸಿ
ಪೆಡಲು ಬಿಚ್ಚಿ ನಾಲ್ಕು ಬೆರಳು ಹಿಂದೆ ತಂದ.
"ಮುಟ್ತದೇನು?"
ಮುಟ್ಟಿತು.
ಅವನ ಮೊಣಕಾಲಿಗೆ ಅಲ್ಲಿ ಇನ್ನು ಜಾಗವಿಲ್ಲ.