ತೊಂಬತ್ತಾರು ಗುಳಿ

ಜುಲೈ ಬಂದರೆ ಲಿಮಾದ ಆಕಾಶಕ್ಕೆ ಕತ್ತೆಹೊಟ್ಟೆಯ ಬಣ್ಣ.
ಹನಿಯೂ ಅಲ್ಲದ ಮಂಜೂ ಅಲ್ಲದ ಒಂದು ತೇವ
ಕಿಟಕಿಗೆ ಅಂಟಿ ನಿಂತಿದೆ.
ನನ್ನೆದುರು ಅಂಗೈಯಗಲದ ಪ್ಲಾಸ್ಟಿಕ್ ಮಣೆ,
ಎಂಟು ಸಾಲು, ಸಾಲಿಗೆ ಹನ್ನೆರಡು ಗುಳಿ,
ಪ್ರತಿ ಗುಳಿಯಲ್ಲೂ ಫೊರ್ತುನಾತೊ ಕುಸಿವಾಮಾನ್,
ಇಪ್ಪತ್ತು ಸಾವಿರದಂತೆ.

ಓರೊಪೇಸಾದವನು, ರೊಟ್ಟಿ ಸುಡುವವರ ಊರು.
ಮೊದಲು ಹೋದದ್ದು ವಾಸನೆ, ಅಂದಿದ್ದ.
ಘಮ ಬರಲಿಲ್ಲವೆಂದು ಹಿಟ್ಟಿಗೆ
ಇನ್ನೊಂದು ಹಿಡಿ ಸೋಂಪು ಹಾಕಿದನಂತೆ, ಮತ್ತೊಂದು ಹಿಡಿ;
ಗಿರಾಕಿಗಳು ಉಗುಳಿದ ಮೇಲೆ ತಿಳಿದದ್ದು.
ಒಬ್ಬರು ನೆಗಡಿ ಅಂದರು, ಇನ್ನೊಬ್ಬರು ಹಿಟ್ಟಿನ ಧೂಳು.
ಎಂಟು ತಿಂಗಳು ಹಾಗೆ.
ಬಸ್ಸು ಹತ್ತಿ ನಮ್ಮಲ್ಲಿಗೆ ಬರುವಷ್ಟರಲ್ಲಿ
ಅಂಗುಳಕ್ಕೆ ತೂತು ಬಿದ್ದಿತ್ತು,
ಕುಡಿದ ನೀರು ಮೂಗಿನಲ್ಲಿ ಬರುತ್ತಿತ್ತು.
ಕಾಯಿಲೆಯ ಹೆಸರು ಉದ್ದ. ಅವನು ಕರೆದದ್ದು
ಬಾಡಿಗೆದಾರ ಅಂತ.

ಏಪ್ರಿಲಿನಲ್ಲಿ ಮನೆ ಬಿತ್ತು.
ಬಾಡಿಗೆದಾರ ಮಾತ್ರ ಇನ್ನೂ ಇದ್ದಾನೆ,
ಮೂವತ್ತೇಳು ಡಿಗ್ರಿಯ ಪೆಟ್ಟಿಗೆಯೊಳಗೆ ಬೆಚ್ಚಗೆ.
ಹಾವಿಗೆ ಹಾಲೆರೆಯುವ ಸಂಬಳ ನನ್ನದು:
ದಿನ ಬಿಟ್ಟು ದಿನ ಹೊಸ ಸೀರಮ್.
ಕೊಲ್ಲುವುದಕ್ಕಾದರೂ ಬದುಕಿರಬೇಕಲ್ಲ.

ಅಡ್ಡಕ್ಕೆ ಮೊದಲನೆಯ ಮದ್ದು,
ಎಡದಿಂದ ಬಲಕ್ಕೆ ಇಮ್ಮಡಿ, ಇಮ್ಮಡಿ.
ಅದು ತಟ್ಟೆಯ ಅನ್ನ ಕಸಿಯುತ್ತದೆ.
ಉದ್ದಕ್ಕೆ ಎರಡನೆಯದು.
ಹಸಿದವರು ತಾವೇ ಒಲೆ ಹಚ್ಚದಂತೆ
ಅದು ಅಡುಗೆಮನೆಗೆ ಚಿಲಕ ಹಾಕುತ್ತದೆ.
ಒಂದೊಂದೇ ಹೋದಾಗ ಎರಡೂ ಸೋತು ಬಂದಿವೆ.
ಜೊತೆಗೆ ಕಳಿಸಿದರೆ ಗೆಲ್ಲುತ್ತವೆಂದೇನೂ ಇಲ್ಲ;
ಒಂದರ ಕೈಯನ್ನು ಇನ್ನೊಂದು ಕಟ್ಟಿಹಾಕಿದ್ದನ್ನೂ ಕಂಡಿದ್ದೇನೆ.

ಪಕ್ಕದಲ್ಲಿ ಇನ್ನೊಂದು ಮಣೆ. ಅದರಲ್ಲಿ ನಾನು,
ಸೋಮವಾರ ನನ್ನ ತೋಳಿನಿಂದ ತೆಗೆದದ್ದು.
ಅದೇ ಮದ್ದು, ಅದೇ ಅಳತೆ.
ಮೂಗಿಗಿಂತ ಮೂಗುತಿ ಭಾರವಾದರೆ
ಮೊದಲು ಕೂಗಬೇಕಾದವಳು ನಾನೇ.

ಮೂರನೆಯ ದಿನ ನೀಲಿ ಬಣ್ಣ ಬಿಟ್ಟು ಕಾಯುತ್ತೇನೆ, ನಾಲ್ಕು ಗಂಟೆ.
ಬದುಕಿದ್ದರೆ ಉಸಿರಾಡಿ ಅದನ್ನು ಗುಲಾಬಿ ಮಾಡುತ್ತದೆ.
ಸತ್ತಿದ್ದರೆ ನೀಲಿ ನೀಲಿಯಾಗಿಯೇ.
ಈ ಕೋಣೆಯಲ್ಲಿ ಇಷ್ಟೇ ಭಾಷೆ.

ಬಲಗಡೆಯ ಕೆಳಮೂಲೆಯಲ್ಲಿ ಅವನು ನೀಲಿ.
ನಾನೂ ನೀಲಿ.
ಅಷ್ಟು ಸುರಿದರೆ ಯಾರು ಉಳಿಯುತ್ತಾರೆ.
ಮದ್ದೇ ಮುಟ್ಟದ ಮೊದಲ ಗುಳಿಯಲ್ಲಿ
ಬಾಡಿಗೆದಾರ ಕಡುಗುಲಾಬಿ, ಹಾಯಾಗಿದ್ದಾನೆ.
ನಾಲ್ಕನೆಯ ಸಾಲು: ಆರು, ಏಳು, ಎಂಟು.
ಅವನದು ನೀಲಿ.
ನನ್ನದು ಗುಲಾಬಿ.
ಎರಡೂ ಮಣೆಗಳನ್ನು ಬೆಳಕಿಗೆ ಹಿಡಿದು ಮತ್ತೆ ನೋಡಿದೆ.

ಮೂರೇ ಗುಳಿ. ಕೈ ತಪ್ಪಿರಬಹುದು,
ಪಿಪೆಟ್ಟು ಗಾಳಿ ನುಂಗಿರಬಹುದು.
ಇನ್ನೂ ಮೂರು ಸಲ ಮಾಡಬೇಕು. ಆಮೇಲೆ ಇಲಿ,
ಆಮೇಲೆ ಸಮಿತಿ, ಸಹಿ, ದುಡ್ಡು, ವರ್ಷಗಳು,
ಆಮೇಲೆ ಎಲ್ಲೋ ಒಬ್ಬ, ಮೂಗು ಕಟ್ಟಿದೆ ಅನ್ನುವವನು.

ಒಪ್ಪಿಗೆ ಪತ್ರಕ್ಕೆ ಹೆಬ್ಬೆಟ್ಟು ಒತ್ತುತ್ತ ಅಂದಿದ್ದ:
ಏನು ಬೇಕಾದರೂ ತೆಗೆದುಕೊಳ್ಳಿ, ಮೂಗು ಮಾತ್ರ ವಾಪಸು ಕೊಡಿ.

ನಿಕೊಲಾಸಾ ನಿನ್ನೆ ಬಸ್ಸಿನಲ್ಲಿ ರೊಟ್ಟಿ ಕಳಿಸಿದ್ದಾಳೆ,
ಗಾಲಿಯಷ್ಟು ದೊಡ್ಡದು, ಬಟ್ಟೆಯಲ್ಲಿ ಸುತ್ತಿ.
ಒಳಗೆ ತರುವಂತಿಲ್ಲ. ಹೊರಗೆ ಕೋಟಿನ ಗೂಟಕ್ಕೆ ತೂಗುತ್ತಿದೆ.
ಕೈಗವಸು ಕಳಚಿ ಬಾಗಿಲು ತೆರೆದೆ:
ಸೋಂಪು, ಸ್ವಲ್ಪ ಜಾಸ್ತಿಯೇ.