ಹೇಳಿಲ್ಲ

ಬಿಸಿನೀರಲ್ಲಿ ಬೆಂದ ಬೆರಳಿಗೆ ಪೆನ್ನು ಜಾರುತ್ತದೆ,
ಅದಕ್ಕೇ ಅದರ ಸೊಂಟಕ್ಕೆ ಎರಡು ಸುತ್ತು ರಬ್ಬರ್ ಬ್ಯಾಂಡು.
ಶಿಡ್ಲಘಟ್ಟದ ಗೂಡಿನ ಮಾರ್ಕೆಟ್ಟಿನ ಹಿಂದೆ
ಜೆರಾಕ್ಸ್ ಅಂಗಡಿಯ ಮೇಲಿನ ಕೋಣೆಯಲ್ಲಿ
ಸಂಜೆ ಆರೂವರೆಗೆ ಫರ್ಹತ್ ಮೇಡಂ ಕ್ಲಾಸು.
ನಾವು ಏಳು ಜನ. ಐವರಿಗೆ ಈಗಷ್ಟೇ ಮೀಸೆ ಚಿಗುರುತ್ತಿದೆ.
ನನಗೆ ಮೂವತ್ತೊಂಬತ್ತು.
ಪಕ್ಕದ ಹುಡುಗ ಮೊದಲ ದಿನ ಮೂಗು ಮುಚ್ಚಿಕೊಂಡ,
ಆಮೇಲೆ ರೂಢಿಯಾಯಿತು. ಬೆಂದ ಹುಳುವಿನ ವಾಸನೆ
ಸೋಪಿಗೂ ಬಗ್ಗುವುದಿಲ್ಲ, ಸೀಗೆಗೂ.

ಮನೆಯಲ್ಲಿ ತೆಲುಗು.
ಶಾಲೆಯಲ್ಲಿ, ಏಳನೇ ಕ್ಲಾಸಿನ ತನಕ, ಕನ್ನಡ.
ಬೇಸಿನ್ನಿನ ಮುಂದೆ ಉರ್ದು, ಬೈಯುವುದಕ್ಕೂ ನಗುವುದಕ್ಕೂ.
ಈ ಮೂರರಲ್ಲೂ ಇಲ್ಲದ ಒಂದು ಚೂರು ಮಾತು
ಇಂಗ್ಲಿಷಿನಲ್ಲಿದೆ: 'ದಿ'.
ಎಲ್ಲಿ ಹಾಕಬೇಕೋ ತಿಳಿಯದ ಮಣೆಯ ಹಾಗೆ
ವಾಕ್ಯದುದ್ದಕ್ಕೂ ಹೊತ್ತು ತಿರುಗುತ್ತೇನೆ.
"ಇಬ್ಬರಿಗೂ ಗೊತ್ತಿರೋದಾದರೆ 'ದಿ', ಹೊಸದಾದರೆ 'ಎ'," ಅನ್ನುತ್ತಾರೆ ಮೇಡಂ.
ಹಾಗಾದರೆ ನನ್ನದೆಲ್ಲ 'ಎ'ನೇ.
ಪೇಪರು ತಿದ್ದುವವರಿಗೆ ನನ್ನ ಯಾವುದು ಗೊತ್ತು?

ನಿಮ್ಮ ಗೆಳತಿ ಎಮ್ಮಾಗೆ ನೂರು ಪದಗಳಲ್ಲಿ ಮೇಲ್ ಬರೆಯಿರಿ.
ಪಾರ್ಟಿಗೆ ಹೋಗಲಾಗದ್ದಕ್ಕೆ ಕ್ಷಮೆ ಕೇಳಿ. ಕಾರಣ ಕೊಡಿ.
ಎಮ್ಮಾ! ನಮ್ಮ ಕಡೆ ಅದು ಹೆಸರಲ್ಲ, ಕರೆಯುವ ದನಿ:
ಏಮ್ಮಾ, ಬಾಗುಂಡಾವಾ?
ಅದೇ ಸಲುಗೆಯಲ್ಲಿ ಬರೆದೆ. ನಿನ್ನೆ ಕರೆಂಟು ಹೋಯಿತು, ಎಮ್ಮಾ,
ಅರ್ಧ ಬೆಂದ ಗೂಡು ಹಾಗೇ ಬಿಟ್ಟರೆ ಎಳೆ ಕೆಡುತ್ತದೆ,
ಕೈಯಲ್ಲೇ ತಿರುಗಿಸಿದೆವು ಕತ್ತಲಾಗುವ ತನಕ,
ಸೊಣ್ಣಮ್ಮ ಪದ ಹೇಳಿದಳು, ಅವಳ ದನಿ ಒಡೆದ ಕಡೆ ನಾನು ಹಿಡಿದೆ...
ಇನ್ನೂರ ಹದಿನಾಲ್ಕು ಪದ.
"ಕೇಳಿದ್ದಕ್ಕೆ ಮಾತ್ರ ಉತ್ತರ," ಕೆಂಪು ಪೆನ್ನು ಓಡಿತು.
ಗೂಡು ಹೋಯಿತು, ಸೊಣ್ಣಮ್ಮ ಹೋದಳು.
ಉಳಿದದ್ದು ಕರೆಂಟು, ಕ್ಷಮೆ.

ಓದುವ ಭಾಗ ಸಲೀಸು ಅಂತ ಹುಡುಗರು.
ಒಂದು ಪುಟದ ಕಥೆ, ಕೆಳಗೆ ಗುರುತು ಹಾಕಲು ಮೂರು ಮನೆ:
ಸರಿ, ತಪ್ಪು, ಹೇಳಿಲ್ಲ.
ನಾನು ಮೂರನೆಯದರಲ್ಲೇ ಬೀಳುತ್ತೇನೆ.
'ಮುದುಕನಿಗೆ ತನ್ನ ನಾಯಿ ಎಂದರೆ ಪ್ರೀತಿ.' ಸರಿ ಅಂತ ಹಾಕಿದೆ.
"ಎಲ್ಲಿದೆ ತೋರಿಸಿ?"
ಇರುವ ಒಂದು ರೊಟ್ಟಿಯಲ್ಲಿ ಅರ್ಧ ಮುರಿದು ಕೊಡುತ್ತಾನಲ್ಲ, ಮೇಡಂ.
"ಕೊಡುತ್ತಾನೆ ಅಂತಿದೆ. ಪ್ರೀತಿ ಅಂತ ಎಲ್ಲಿದೆ? ಊಹಿಸಬೇಡಿ.
ಕಾಗದದ ಮೇಲೆ ಇಲ್ಲದ್ದು ಇಲ್ಲ."

ಪೆನ್ನು ಕೆಳಗಿಟ್ಟೆ.

ಸರ್ಟಿಫಿಕೇಟು ಇದ್ದರೆ ಮಾರ್ಕೆಟ್ಟಿನ ಕಂಪ್ಯೂಟರಿನ ಮುಂದೆ
ಕುರ್ಚಿ ಸಿಗಬಹುದೇನೋ ಅಂತ ಓದುತ್ತಿದ್ದೀಯಾ, ನಾದಿನಿ ಕೇಳಿದಳು.
ಸರಿ.
ಹೊತ್ತು ಹೋಗಲಿ ಅಂತಲಾ, ಗಂಡ ಕೇಳಿದ.
ತಪ್ಪು.

ಟ್ರಂಕಿನ ತಳದಲ್ಲಿ, ಮದುವೆ ಸೀರೆಯ ಅಡಿ, ಆಸ್ಪತ್ರೆಯ ಫೈಲು.
ನಾಲ್ಕು ಪುಟ. ಕೊನೆಯಲ್ಲಿ ನನ್ನ ಸಹಿ,
ಕನ್ನಡದಲ್ಲಿ, ಒಂದು ಅಕ್ಷರವೂ ನಡುಗಿಲ್ಲ.
ಬೇಗ ಹಾಕಮ್ಮ, ಥಿಯೇಟರ್ ರೆಡಿ ಇದೆ, ಅಂದಿದ್ದರು.
ತಂಗಿ ಯಶೋದಿ ಸ್ಟ್ರೆಚರಿನ ಮೇಲಿಂದ ನನ್ನನ್ನೇ ನೋಡುತ್ತಿದ್ದಳು,
ಮನೆಯಲ್ಲಿ ಓದಿದವಳು ಇವಳೊಬ್ಬಳೇ ಅನ್ನುವ ಹಾಗೆ.

ಈಗ ಎರಡನೇ ಪುಟದ ಹನ್ನೊಂದನೇ ಸಾಲಿಗೆ ಬಂದಿದ್ದೇನೆ.
ಗೂಡಾದರೆ ಒಂದು ತುದಿ ಸಿಕ್ಕರೆ ಸಾಕು, ತಾನೇ ಬಿಚ್ಚಿಕೊಳ್ಳುತ್ತದೆ.
ಇಲ್ಲಿ ಪದಪದಕ್ಕೂ ತುದಿ ಹುಡುಕಬೇಕು.
'ರಿಮೂವಲ್' ಗೊತ್ತಾಯಿತು.
ಅದರ ಮುಂದಿನ ಪದ ಡಿಕ್ಷನರಿಯಲ್ಲಿದೆ.
ಡಿಕ್ಷನರಿ ಕಿಟಕಿಯ ಮೇಲಿದೆ.

ಭಾನುವಾರ ಪರೀಕ್ಷೆ, ಚಿಕ್ಕಬಳ್ಳಾಪುರದಲ್ಲಿ. ಏಳೂಕಾಲಿನ ಬಸ್ಸು.
ಆಧಾರ್, ಎರಡು ಪೆನ್ನು. ನೀರಿನ ಬಾಟಲಿಗೆ ಲೇಬಲ್ ಇರಬಾರದಂತೆ.
ಯಶೋದಿ ಬಾಗಿಲಿಗೆ ಒರಗಿ ನಿಂತು ಕೇಳಿದಳು,
ಪಾಸಾದರೆ ಮೊದಲು ಏನು ಓದುತ್ತೀಯ, ಅಕ್ಕಾ?
ನಾನು ಉಗುರಿನಿಂದ ಲೇಬಲ್ಲು ಕೀಳುತ್ತಿದ್ದೆ.
ಕಾಗದ ಬಂತು. ಅಂಟು ಬರಲಿಲ್ಲ.