ಖಾಲಿ ಸೀಸೆ

ಹತ್ತೊಂಬತ್ತು ವರ್ಷ ಬೋರ್ಡಿನ ಮುಂದೆ ನಿಂತವನು,
ಪಿಪೆಟ್ಟು ಹಿಡಿದರೆ ಈಗ ಹೆಬ್ಬೆರಳು ನಡುಗುತ್ತದೆ.
ಯಾಕಿಮಾ ಕಣಿವೆಯ ನಮ್ಮ ಪುಟ್ಟ ಕಾಲೇಜಿನಿಂದ
ಬೆಟ್ಟದಾಚೆಯ ಈ ದೊಡ್ಡ ಪ್ರಯೋಗಶಾಲೆಗೆ
ಬೇಸಿಗೆಯ ಹತ್ತು ವಾರ:
ಒಬ್ಬ ಮೇಷ್ಟ್ರು, ಒಬ್ಬಳು ವಿದ್ಯಾರ್ಥಿನಿ.
ಯಾರೆಲಿ ನನಗಿಂತ ಬೇಗ ಕಲಿತಳು,
ನನ್ನ ಕನ್ನಡಕ ಎಲ್ಲಿರುತ್ತದೆಂಬುದನ್ನೂ.

ಕೆಲಸ ಇಷ್ಟೇ.
ಸೇಬಿನ ತೋಟದ ಹತ್ತು ಜನರ ಮಣಿಕಟ್ಟಿಗೆ
ಏಳು ದಿನ ಒಂದೊಂದು ಸಿಲಿಕೋನ್ ಪಟ್ಟಿ.
ಅದು ಅವರೊಡನೆ ಏಣಿ ಹತ್ತುತ್ತದೆ, ಪಾತ್ರೆ ತೊಳೆಯುತ್ತದೆ,
ಬೆವರಿನ ಮಗ್ಗುಲಲ್ಲಿ ಮಲಗುತ್ತದೆ,
ಗಾಳಿ ಏನು ಕೊಟ್ಟರೂ ಇಸಿದುಕೊಳ್ಳುತ್ತದೆ
ಬೇಡವೆನ್ನಲು ಬಾರದ ನೆಂಟನ ಹಾಗೆ.
ಆಮೇಲೆ ದ್ರಾವಕದಲ್ಲಿ ನೆನೆಸಿ, ಸಾರಜನಕ ಊದಿ,
ಒಂದು ಹನಿಗಿಳಿಸಿ ಯಂತ್ರಕ್ಕೆ ಉಣಿಸುತ್ತೇವೆ.
ನೆಲ ಹಿಡಿದು ನಡೆಯುತ್ತಿದ್ದ ಗೆರೆ
ಹದಿನಾಲ್ಕನೆಯ ನಿಮಿಷಕ್ಕೆ
ಮೇಲಕ್ಕೆ ಎಡವುತ್ತದೆ.

ಹುಳಕ್ಕೆ ಹೊಡೆಯುವುದು ಅದು. ಉದ್ದದ ಹೆಸರು.
ಯಾರೆಲಿಯ ಅಮ್ಮ ಫಿದೆಲಿಯಾ ಅದನ್ನು ಮದ್ದು ಅನ್ನುತ್ತಾಳಂತೆ;
ಕೆಮ್ಮಿಗೆ ಕುಡಿಯುವುದಕ್ಕೂ ಅವರಲ್ಲಿ ಅದೇ ಮಾತು.

ಹನ್ನೊಂದನೆಯ ಸೀಸೆಯಲ್ಲಿ ಯಾರೂ ತೊಡದ ಪಟ್ಟಿ.
ಇಲ್ಲ ಅನ್ನುವುದಕ್ಕೂ ಸಾಕ್ಷಿ ಕೇಳುವ ಶಾಸ್ತ್ರ ನಮ್ಮದು.
ಮಂಗಳವಾರ ಆ ಖಾಲಿಯೂ
ಹದಿನಾಲ್ಕನೆಯ ನಿಮಿಷಕ್ಕೆ ಎದ್ದು ನಿಂತಿತು,
ಸಾಸಿವೆಯಷ್ಟು, ಆದರೂ ನಿಂತಿತು.

ಗಾಜು ಸುಟ್ಟೆವು. ದ್ರಾವಕ ಬದಲಿಸಿದೆವು. ಕೈಚೀಲ ಬದಲಿಸಿದೆವು.
ಡಾಕ್ಟರ್ ಲಿಂಡ್‌ಕ್ವಿಸ್ಟ್ ಬಂದು ನೋಡಿ
‘ಎಲ್ಲೋ ಸೋಂಕು’ ಎಂದು ಕಾಫಿಗೆ ಹೋದರು.
ನನ್ನ ಹೆಬ್ಬೆರಳನ್ನು ನಾನು ಮೂರು ರಾತ್ರಿ ಬೈದುಕೊಂಡೆ.

ಶುಕ್ರವಾರ ಬೆಳಿಗ್ಗೆ ಯಾರೆಲಿ,
ಎ.ಸಿ.ಯ ಚಳಿಗೆ ದಿನವೂ ತೊಡುತ್ತಿದ್ದ ಬೂದು ಸ್ವೆಟರು ಕಳಚಿ
ತೋಳಿನಿಂದ ಒಂದು ಚೌಕ ಕತ್ತರಿಸಿ
ಸೀಸೆಗೆ ಹಾಕಿದಳು.
ಚೀಟಿಯ ಮೇಲೆ ಹೆಸರಿಲ್ಲ, ಹನ್ನೆರಡು ಅಂತ ಮಾತ್ರ.

ಗೆರೆ ಪರದೆಯ ನೆತ್ತಿ ಮುಟ್ಟಿತು.

‘ಅಮ್ಮ ಬೂಟು ಹೊರಗೇ ಬಿಡುತ್ತಾಳೆ,’ ಅಂದಳು.
‘ಸ್ನಾನ ಮಾಡದೆ ನಮ್ಮನ್ನು ಮುಟ್ಟುವುದಿಲ್ಲ.
ತಮ್ಮ ಓಡಿ ಬಂದರೆ ಹೀಗೆ ಕೈ ಮೇಲೆತ್ತಿ ನಿಲ್ಲುತ್ತಾಳೆ,
ಪೊಲೀಸರು ಹಿಡಿದವರ ಹಾಗೆ.
ವಾಷಿಂಗ್ ಮೆಷಿನ್ ಒಂದೇ ಇರುವುದು, ಸರ್.
ಭಾನುವಾರ ಎಲ್ಲರದೂ ಒಟ್ಟಿಗೆ.’

ನನ್ನ ಹೆಬ್ಬೆರಳಿನ ತಪ್ಪಲ್ಲವೆಂದು
ಎರಡು ಗಳಿಗೆ ನನಗೆ ಹಾಯೆನಿಸಿತು.
ಆ ಎರಡು ಗಳಿಗೆಯನ್ನು ಯಾವ ಕಾಲಂನಲ್ಲಿ ಬರೆಯಲಿ?

ನಿಯಮದ ಪ್ರಕಾರ ಹತ್ತರಿಂದಲೂ ಖಾಲಿಯನ್ನು ಕಳೆಯಬೇಕು.
‘ಇದನ್ನು ಯಾರಿಂದ ಕಳೆಯುವುದು?’ ಎಂದಳು ಅವಳು, ನಗದೆ.
ಇಡೀ ಸರಣಿ ಎಸೆದೆವು. ಹೊಸ ಪಟ್ಟಿ, ಹೊಸ ಏಳು ದಿನ.
ಕಾಲೇಜಿನ ಅಂಗಡಿಯಿಂದ ಅವಳಿಗೊಂದು ಸ್ವೆಟರು ತಂದೆ,
ಬೆಲೆಚೀಟಿ ಹರಿಯಲು ಮರೆತು.

ಸಂಜೆ ಬಸ್‌ಸ್ಟ್ಯಾಂಡಿನಲ್ಲಿ
ಹಳೆಯದು ಅವಳ ತೊಡೆಯ ಮೇಲೆ, ಬಿಗಿದು ಕಟ್ಟಿದ ಪ್ಲಾಸ್ಟಿಕ್ಕಿನೊಳಗೆ.
ಅಮ್ಮನಿಗೆ ಏನು ಹೇಳುತ್ತೀ?

‘ತೂತು ಯಾಕೆಂದು ಕೇಳಿದರೆ ಹೇಳುತ್ತೇನೆ.’

ಬಸ್ಸು ಬಂತು. ಮೆಟ್ಟಿಲ ಮೇಲೆ ನಿಂತು
ಮತ್ತೆ ತಿರುಗಿದಳು:
‘ಅವಳು ಕೇಳುವುದಿಲ್ಲ, ಸರ್. ಹೊಲಿದುಬಿಡುತ್ತಾಳೆ.’